ಸ್ಟ್ರೋಕ್ ಸಾವಿನ ಪಟ್ಟಿ ಓದುವುದು ಹೇಗೆ? ಗಡಿ ಊರಿನ ಲೆಕ್ಕದ ಮೇಷ್ಟ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪನ ಮನೆ ಪೆರ್ಲದ ಹತ್ತಿರ. ತೀರಿಕೊಂಡದ್ದು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರಿಗೆ ಬಲಗೈ ಸೋತು ಹೋಯಿತು, ಬಾಯಿ ವಾರೆಯಾಯಿತು, ಮಾತು ತೊದಲಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕೊನೆಗೆ ಕೈಗೆ ಬಂದ ಕಾಗದದಲ್ಲಿ ಸಾವಿನ ಕಾರಣ ಅಂತ ಇದ್ದದ್ದು ಒಂದೇ ಸಾಲು: ಹೃದಯ ಮತ್ತು ಉಸಿರಾಟ ನಿಂತದ್ದು. ಸ್ಟ್ರೋಕ್ ಎಂಬ ಶಬ್ದ ಎಲ್ಲೂ ಇರಲಿಲ್ಲ.

ಮರಣ ನೋಂದಣಿಯೂ ಮಂಗಳೂರಿನಲ್ಲೇ ಆಯಿತು. ನಮ್ಮ ದೇಶದ ಕಾನೂನಿನಲ್ಲಿ ಸಾವು ಎಲ್ಲಿ ನಡೆಯಿತೋ ಅಲ್ಲೇ ದಾಖಲು. ಹುಟ್ಟಿ ಬೆಳೆದದ್ದು ಕಾಸರಗೋಡು ಜಿಲ್ಲೆ, ರೇಷನ್ ಕಾರ್ಡು ಕೇರಳದ್ದು, ಸಾವು ಮಾತ್ರ ಕರ್ನಾಟಕದ್ದು. ಅದೂ ಸ್ಟ್ರೋಕ್ ಸಾವಾಗಿ ಅಲ್ಲ.

ಈಚೆಗೆ ತಂಗಿಯ ಮಗ ಮೊಬೈಲಿಗೆ ಒಂದು ಚಿತ್ರಪಟ್ಟಿ ಕಳುಹಿಸಿದ. ಯಾವ ದೇಶದಲ್ಲಿ ಸ್ಟ್ರೋಕ್ ಸಾವು ಜಾಸ್ತಿ, ಯಾವ ದೇಶದಲ್ಲಿ ಕಮ್ಮಿ ಅಂತ ಉದ್ದುದ್ದ ಬಣ್ಣದ ಗೆರೆಗಳು. ಜಪಾನ್, ಬಲ್ಗೇರಿಯಾ, ಭಾರತ, ಯುಎಇ, ನೌರು ಎಲ್ಲ ಒಂದೇ ಸಾಲಿನಲ್ಲಿ. "ನೋಡಿ ಮಾವ, ಗಲ್ಫೇ ಒಳ್ಳೆಯದು" ಅಂತ ಕೆಳಗೆ ಬರೆದಿದ್ದ. ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವನಿಗೆ ಇಂಥದ್ದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮ ಕೈಗೂ ಇಂಥ ಪಟ್ಟಿ ಬಂದಾಗ ಪಕ್ಕದಲ್ಲಿಟ್ಟು ನೋಡಿ.

ಹೆಜ್ಜೆ 1: ಎಣಿಸಿದ್ದಾ, ಅಂದಾಜಾ?

ಪಟ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮೂಲ ಎಲ್ಲಿಯದು ಅಂತ ಇರುತ್ತದೆ. ಮೊದಲು ಅದನ್ನು ಓದಿ. ಅದೂ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಸ್ಟ್ರೋಕ್ ಸಾವಿನ ಅಂಕಿಗಳು ಹೆಚ್ಚಾಗಿ ಮೂರು ಕಡೆಯಿಂದ ಬರುತ್ತವೆ. ಒಂದು, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಟಾಲಿಟಿ ಡೇಟಾಬೇಸ್. ದೇಶಗಳು ತಮ್ಮ ಮರಣ ಪತ್ರಗಳಿಂದ ಎಣಿಸಿ ಕಳುಹಿಸಿದ ಲೆಕ್ಕ ಅದರಲ್ಲಿರುತ್ತದೆ. ಎರಡನೆಯದು ಅದೇ ಸಂಸ್ಥೆಯ ಗ್ಲೋಬಲ್ ಹೆಲ್ತ್ ಎಸ್ಟಿಮೇಟ್ಸ್. ಹೆಸರೇ ಹೇಳುವಂತೆ ಇದು ಅಂದಾಜು. ಮೂರನೆಯದು ಅಮೆರಿಕದ ಸಿಯಾಟಲ್‌ನ ಒಂದು ಸಂಸ್ಥೆ ಮುಂದೆ ನಿಂತು ಮಾಡುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್, ಚಿಕ್ಕದಾಗಿ ಜಿಬಿಡಿ. ಅದೂ ಅಂದಾಜೇ.

ಅಂದಾಜು ಅಂದರೆ ಸುಳ್ಳು ಅಂತ ಅಲ್ಲ. ಆದರೆ ಎರಡು ಅಂದಾಜುಗಳು ಒಂದೇ ಆಗಿರಬೇಕಿಲ್ಲ. 2019ರಲ್ಲಿ ಇಡೀ ಲೋಕದಲ್ಲಿ ಸ್ಟ್ರೋಕಿನಿಂದ ಸತ್ತವರು 65.5 ಲಕ್ಷ ಎಂದು ಜಿಬಿಡಿ 2019 ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷಕ್ಕೆ ಒಟ್ಟು 5.54 ಕೋಟಿ ಸಾವುಗಳಲ್ಲಿ ಸುಮಾರು ಶೇ. 11 ಸ್ಟ್ರೋಕಿನದ್ದು ಎಂದಿತು. ಗುಣಿಸಿ ನೋಡಿ, 61 ಲಕ್ಷದ ಆಸುಪಾಸು. ನಾಲ್ಕು ಲಕ್ಷದಷ್ಟು ವ್ಯತ್ಯಾಸ. ಲೋಕದ ಒಟ್ಟು ಲೆಕ್ಕದಲ್ಲೇ ಹೀಗಿರುವಾಗ ಒಂದೊಂದು ದೇಶದ ಲೆಕ್ಕದಲ್ಲಿ ಎಷ್ಟು ಅತ್ತಿತ್ತ ಆಗಬಹುದು ಅಂತ ಯೋಚಿಸಿ. ಹಾಗಾಗಿ ಒಂದು ದೇಶದ ಅಂಕಿ ಒಂದು ಮೂಲದಿಂದ, ಇನ್ನೊಂದರದ್ದು ಬೇರೆ ಮೂಲದಿಂದ ತಂದು ಹೋಲಿಸಲೇಬಾರದು.

ಭಾರತದ ಅಂಕಿ ಎಲ್ಲಿಂದ ಬರುತ್ತದೆ? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವು ಸುಮಾರು 81.16 ಲಕ್ಷ. ಅದರಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು 18.12 ಲಕ್ಷ, ಅಂದರೆ ಸುಮಾರು ಶೇ. 22. ಉಳಿದ ಮುಕ್ಕಾಲು ಪಾಲಿಗೆ ವೈದ್ಯರು ಬರೆದ ಕಾರಣವೇ ಇಲ್ಲ. ಆ ಕೊರತೆ ತುಂಬಲು ಒಂದು ದಾರಿ ಇದೆ. ಸಾವಾದ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಏನಾಯಿತು ಅಂತ ಮನೆಯವರನ್ನೇ ಕೇಳಿ ಬರೆದುಕೊಳ್ಳುವುದು. ಇದನ್ನು ವರ್ಬಲ್ ಅಟಾಪ್ಸಿ ಅನ್ನುತ್ತಾರೆ. 2001ರಲ್ಲಿ ಶುರುವಾದ ಮಿಲಿಯನ್ ಡೆತ್ ಸ್ಟಡಿ ಈ ದಾರಿ ಹಿಡಿಯಿತು. ಮನೆಯವರು ಹೇಳಿದ್ದನ್ನು ಅಲ್ಲಿಯ ಭಾಷೆಯಲ್ಲೇ ಬರೆದುಕೊಂಡು, ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಗುರುತಿಸುವ ಕ್ರಮ.

ನಮ್ಮ ಊರಿನಲ್ಲಿ ಕೂತು ಇದನ್ನು ಯೋಚಿಸಿದರೆ ನಗು ಬರುತ್ತದೆ. ಒಂದೇ ಬೀದಿಯಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ. ಒಬ್ಬರು ಲಕ್ವ ಹೊಡೆಯಿತು ಅನ್ನುತ್ತಾರೆ, ಇನ್ನೊಬ್ಬರು ಪಕ್ಷವಾತ, ಮತ್ತೊಬ್ಬರು ತಳರ್‌ವಾತ. "ಬಾತ್‌ರೂಮಿನಲ್ಲಿ ಬಿದ್ದರು, ಮತ್ತೆ ಏಳಲೇ ಇಲ್ಲ" ಅನ್ನುವ ಮನೆಯೂ ಇದೆ. ಬಿದ್ದದ್ದರಿಂದ ಸತ್ತರಾ, ಸ್ಟ್ರೋಕ್ ಆದದ್ದರಿಂದ ಬಿದ್ದರಾ? "ಪ್ರಾಯ ಆಗಿತ್ತಲ್ಲ ಮಾರಾಯ್ರೆ" ಅಂದರೆ ಮಾತು ಅಲ್ಲಿಗೆ ಮುಗಿಯಿತು. ಒಂದು ಬದಿ ಕೈಕಾಲು ಬಿದ್ದು ಹೋಗುವುದು ಕಣ್ಣಿಗೆ ಕಾಣುವ ಲಕ್ಷಣ, ಮನೆಯವರಿಗೆ ನೆನಪಿರುತ್ತದೆ. ಆದ್ದರಿಂದ ಬೇರೆ ಕೆಲವು ರೋಗಗಳಿಗಿಂತ ಸ್ಟ್ರೋಕನ್ನು ಹೀಗೆ ಹಿಡಿಯುವುದು ಸುಲಭ ಅಂತಲೇ ನನ್ನ ಅನಿಸಿಕೆ. ಆದರೂ ಸ್ಕ್ಯಾನ್ ನೋಡಿ ಬರೆದ ಜಪಾನಿನ ಒಂದು ಸಾವು, ನೆನಪಿನಿಂದ ಹೇಳಿ ಬರೆಸಿದ ನಮ್ಮ ಒಂದು ಸಾವು, ಎರಡೂ ಒಂದೇ ತೂಕದ್ದಲ್ಲ.

ಚೀನಾದ್ದು ಇನ್ನೊಂದು ಬಗೆ. ಅಲ್ಲಿ ಆಯ್ದ 605 ಪ್ರದೇಶಗಳಲ್ಲಿ ಸಾವುಗಳನ್ನು ಎಚ್ಚರಿಕೆಯಿಂದ ದಾಖಲಿಸಿ, ಅದರಿಂದ ದೇಶದ ಲೆಕ್ಕ ಕಟ್ಟುತ್ತಾರೆ.

ಜಿಬಿಡಿಯವರು ದೇಶಗಳ ದಾಖಲೆಯ ಗುಣಕ್ಕೆ ಸೊನ್ನೆಯಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿ ಇಟ್ಟಿದ್ದಾರೆ. ಐದು ನಕ್ಷತ್ರದ ದೇಶವನ್ನು ಒಂದು ನಕ್ಷತ್ರದ ದೇಶದ ಜೊತೆ ಹೋಲಿಸುತ್ತಿದ್ದೀರಾ ಅಂತ ನೋಡಿಕೊಳ್ಳಿ.

ಹೆಜ್ಜೆ 2: ಯಾವುದನ್ನು ಸ್ಟ್ರೋಕ್ ಅಂದಿದ್ದಾರೆ?

ರೋಗಗಳಿಗೆ ಅಂತರರಾಷ್ಟ್ರೀಯ ಕೋಡ್ ಪಟ್ಟಿ ಇದೆ, ಐಸಿಡಿ ಅಂತ. ಅದರ ಹತ್ತನೇ ಆವೃತ್ತಿಯಲ್ಲಿ ಐ60ರಿಂದ ಐ69ರವರೆಗೆ ಮೆದುಳಿನ ರಕ್ತನಾಳದ ರೋಗಗಳು. ಐ61 ಮೆದುಳಿನೊಳಗೆ ರಕ್ತಸ್ರಾವ, ಐ63 ನಾಳ ಕಟ್ಟಿ ಆಗುವ ಸ್ಟ್ರೋಕ್, ಐ64 ಯಾವುದು ಅಂತ ಗೊತ್ತಾಗದ ಸ್ಟ್ರೋಕ್. ಐ69 ಹಳೆಯ ಸ್ಟ್ರೋಕಿನ ಉಳಿಕೆ, ಅಂದರೆ ಐದು ವರ್ಷ ಮಲಗಿದಲ್ಲೇ ಇದ್ದು ತೀರಿಕೊಂಡವರು. ಕೆಲವು ಪಟ್ಟಿಗಳು ಐ69 ಸೇರಿಸುತ್ತವೆ, ಕೆಲವು ಬಿಡುತ್ತವೆ.

ರಕ್ತಸ್ರಾವವೋ ನಾಳ ಕಟ್ಟಿದ್ದೋ ಅಂತ ಖಾತ್ರಿಯಾಗಿ ಹೇಳಲು ಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನ್ ಇಲ್ಲದ ಊರಿನಲ್ಲಿ ಎಲ್ಲ ಐ64ಕ್ಕೆ ಹೋಗಿ ಬೀಳುತ್ತದೆ. ಹಾಗಾಗಿ ಐ64ರ ಪಾಲು ದೊಡ್ಡದಿರುವ ದೇಶದಲ್ಲಿ "ರಕ್ತಸ್ರಾವದ ಸ್ಟ್ರೋಕ್ ಕಮ್ಮಿ" ಅಂತ ಹೇಳಲು ಹೋಗಬೇಡಿ. ಒಟ್ಟು ಸ್ಟ್ರೋಕ್ ನೋಡಿ, ಬಗೆ ಬಿಡಿ.

ಹೆಜ್ಜೆ 3: ಕಾಗದದಲ್ಲಿ ಏನು ಬರೆದರು?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೊಂಡ ಇದೇ.

ಮರಣ ಕಾರಣದ ಫಾರಂನಲ್ಲಿ ಸಾಲುಗಳು ಒಂದರ ಕೆಳಗೆ ಒಂದು ಇರುತ್ತವೆ. ಮೇಲಿನ ಸಾಲಿನಲ್ಲಿ ಕೊನೆಗೆ ಏನಾಯಿತು, ಕೆಳಗಿನ ಸಾಲುಗಳಲ್ಲಿ ಅದು ಯಾವುದರಿಂದ ಬಂತು. ಉದಾಹರಣೆಗೆ ಮೇಲೆ ನ್ಯುಮೋನಿಯಾ, ಅದರ ಕೆಳಗೆ ಸ್ಟ್ರೋಕ್, ಅದರ ಕೆಳಗೆ ಬಿಪಿ. ಲೆಕ್ಕಕ್ಕೆ ಹೋಗುವುದು ಒಂದೇ ಕಾರಣ, ಮೂಲ ಕಾರಣ. ಸಾಮಾನ್ಯವಾಗಿ ಅದು ಕೆಳಗಿನ ಸಾಲಿನದ್ದು. ಆದರೆ ಕೆಳಗೆ ಬರೀ ಬಿಪಿ ಇದ್ದು ಮೇಲೆ ಸ್ಟ್ರೋಕ್ ಇದ್ದರೆ, ಐಸಿಡಿ ನಿಯಮದ ಪ್ರಕಾರ ಎರಡನ್ನೂ ಜೋಡಿಸಿ ಸ್ಟ್ರೋಕ್ ಅಂತಲೇ ಹಿಡಿಯುತ್ತಾರೆ.

ದೊಡ್ಡಪ್ಪನ ಕಾಗದದಲ್ಲಿ ಇದ್ದದ್ದು ಮೇಲಿನ ಸಾಲು ಮಾತ್ರ. ಹೃದಯ ನಿಂತಿತು, ಉಸಿರು ನಿಂತಿತು. ಯಾರಿಗೆ ನಿಲ್ಲುವುದಿಲ್ಲ ಹೇಳಿ? ಇಂಥ ಬರಹಕ್ಕೆ ಲೆಕ್ಕಿಗರು ಗಾರ್ಬೇಜ್ ಕೋಡ್ ಅನ್ನುತ್ತಾರೆ, ಕಸದ ಕೋಡ್. ಮುಪ್ಪು, ಹೃದಯ ವೈಫಲ್ಯ, ಕಾರಣ ತಿಳಿದಿಲ್ಲ, ಇವೆಲ್ಲ ಇದೇ ಬುಟ್ಟಿಯವು. ಕಸ ಜಾಸ್ತಿ ಇದ್ದಷ್ಟು ನಿಜವಾದ ಸ್ಟ್ರೋಕ್ ಅದರೊಳಗೆ ಮುಚ್ಚಿಹೋಗಿರುತ್ತದೆ. ಅಂದಾಜು ಮಾಡುವವರು ಈ ಕಸವನ್ನು ಬೇರೆ ಬೇರೆ ರೋಗಗಳಿಗೆ ಹಂಚುತ್ತಾರೆ. ಹಂಚುವ ಸೂತ್ರ ಬದಲಾದರೆ ದೇಶದ ಸ್ಥಾನವೂ ಬದಲಾಗುತ್ತದೆ.

ಇದು ಹಿಂದುಳಿದ ದೇಶಗಳ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಜಪಾನಿನ ಕತೆ ಕೇಳಿ. ಅಲ್ಲಿ 1951ರಿಂದ 1980ರವರೆಗೆ ಸಾವಿನ ಕಾರಣಗಳಲ್ಲಿ ಸ್ಟ್ರೋಕಿಗೇ ಮೊದಲ ಸ್ಥಾನ. 1981ರಲ್ಲಿ ಕ್ಯಾನ್ಸರ್ ಮುಂದೆ ಬಂತು, ಸ್ಟ್ರೋಕ್ ವರ್ಷ ವರ್ಷ ಇಳಿಯುತ್ತಾ ಹೋಯಿತು. 1995ರಲ್ಲಿ ಮಾತ್ರ ಒಮ್ಮೆಗೇ ಮೇಲೆ ಹಾರಿತು, ಹೃದಯ ರೋಗದ ಸಾವು ಕೆಳಗೆ ಬಿತ್ತು. ಜಪಾನಿನವರು ಆ ವರ್ಷ ಉಪ್ಪು ಜಾಸ್ತಿ ತಿಂದರಾ? ಇಲ್ಲ. ಮರಣ ಪತ್ರದ ಫಾರಂ ಬದಲಾಯಿತು. ಕೊನೆಯ ಗಳಿಗೆಯ ಸ್ಥಿತಿಯಾಗಿ ಹೃದಯ ವೈಫಲ್ಯ ಅಂತ ಬರೆಯಬೇಡಿ ಎಂದು ವೈದ್ಯರಿಗೆ ಸೂಚನೆ ಬಂತು, ಜೊತೆಗೆ ಐಸಿಡಿ ಹತ್ತನೇ ಆವೃತ್ತಿಯೂ ಜಾರಿಗೆ ಬಂತು. ಸಾಯುವ ರೀತಿ ಬದಲಾಗಲಿಲ್ಲ, ಬರೆಯುವ ರೀತಿ ಬದಲಾಯಿತು.

ಅಮೆರಿಕವೂ 1999ರಲ್ಲಿ ಅದೇ ಆವೃತ್ತಿಗೆ ಬಂತು. ಅವರು ಜಾಣತನ ಮಾಡಿದರು. ಒಂದೇ ಕಂತೆ ಮರಣ ಪತ್ರಗಳನ್ನು ಹಳೆಯ ನಿಯಮದಲ್ಲೂ ಹೊಸ ನಿಯಮದಲ್ಲೂ ಎಣಿಸಿ ನೋಡಿದರು. ಹೊಸದರಲ್ಲಿ ಸ್ಟ್ರೋಕ್ ಸಾವು ಸುಮಾರು ಶೇ. 6 ಜಾಸ್ತಿ, ನ್ಯುಮೋನಿಯಾ ಮತ್ತು ಫ್ಲೂ ಸಾವು ಸುಮಾರು ಶೇ. 30 ಕಮ್ಮಿ. ನ್ಯುಮೋನಿಯಾ ಎಂದು ಎಣಿಸುತ್ತಿದ್ದ ಸಾವುಗಳಲ್ಲಿ ಒಂದು ಪಾಲು ಅದರ ಹಿಂದಿದ್ದ ರೋಗದ ಖಾತೆಗೆ ಹೋಯಿತು.

ಹಾಗಾಗಿ ಗೆರೆ ಚಿತ್ರದಲ್ಲಿ ಒಂದು ದೇಶದ ಗೆರೆ ಒಂದೇ ವರ್ಷದಲ್ಲಿ ಮೆಟ್ಟಿಲಿನ ಹಾಗೆ ಮೇಲೋ ಕೆಳಗೋ ಹೋಗಿದ್ದರೆ, ಆ ವರ್ಷ ಫಾರಂ ಅಥವಾ ಕೋಡ್ ಬದಲಾಗಿದೆಯಾ ಅಂತ ಮೊದಲು ನೋಡಿ. ಇಂಗ್ಲೆಂಡಿಗೆ ಅದು 2001. ಒಂದೊಂದು ದೇಶ ಒಂದೊಂದು ವರ್ಷ ಬದಲಾಯಿಸಿದೆ, ಅದೇ ಕಷ್ಟ. ಈಗ ಹನ್ನೊಂದನೇ ಆವೃತ್ತಿ ಬಂದಿದೆ, 2022ರಿಂದ ಜಾರಿ. ಅದರಲ್ಲಿ ಸ್ಟ್ರೋಕನ್ನು ಹೃದಯ ಮತ್ತು ರಕ್ತನಾಳದ ಅಧ್ಯಾಯದಿಂದ ತೆಗೆದು ನರರೋಗಗಳ ಅಧ್ಯಾಯಕ್ಕೆ ಸೇರಿಸಿದ್ದಾರೆ. ಮುಂದಿನ ವರ್ಷಗಳಲ್ಲಿ "ಹೃದಯ ಮತ್ತು ರಕ್ತನಾಳದ ಸಾವು ಇಳಿಯಿತು" ಅಂತ ಯಾವುದಾದರೂ ದೇಶ ಬೀಗಿದರೆ ಇದು ನೆನಪಿರಲಿ.

ಹೆಜ್ಜೆ 4: ವಯಸ್ಸು ಹೊಂದಿಸಿದ್ದಾರಾ?

ಸ್ಟ್ರೋಕ್ ಮುಖ್ಯವಾಗಿ ವಯಸ್ಸಾದವರನ್ನು ಕೊಲ್ಲುತ್ತದೆ. ಮುದುಕರು ಜಾಸ್ತಿ ಇರುವ ಊರಿನಲ್ಲಿ ಸ್ಟ್ರೋಕ್ ಸಾವು ಜಾಸ್ತಿ ಇರಲೇಬೇಕು. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ಶೇ. 8.6, ಕೇರಳದಲ್ಲಿ ಶೇ. 12.6. ನಮ್ಮ ರಾಜ್ಯಕ್ಕೂ ಬಿಹಾರಕ್ಕೂ ಸುಮ್ನೆ ಹೋಲಿಸಿದರೆ ಆಗುವುದಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಒಂದು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಎರಡು ಕಲ್ಪನೆಯ ದೇಶಗಳು, ಕಿರಿಯೂರು ಮತ್ತು ಹಿರಿಯೂರು. ಎರಡರಲ್ಲೂ ಒಂದು ಲಕ್ಷ ಜನ.

ಕಿರಿಯೂರಿನಲ್ಲಿ 60ರ ಕೆಳಗಿನವರು 90,000. ಅವರಲ್ಲಿ ವರ್ಷಕ್ಕೆ 18 ಸ್ಟ್ರೋಕ್ ಸಾವು, ಅಂದರೆ ಲಕ್ಷಕ್ಕೆ 20. ಮೇಲಿನವರು 10,000. ಅವರಲ್ಲಿ 60 ಸಾವು, ಲಕ್ಷಕ್ಕೆ 600. ಒಟ್ಟು 78.

ಹಿರಿಯೂರಿನಲ್ಲಿ ಕೆಳಗಿನವರು 70,000. ಸಾವು 7, ಲಕ್ಷಕ್ಕೆ 10. ಮೇಲಿನವರು 30,000. ಸಾವು 120, ಲಕ್ಷಕ್ಕೆ 400. ಒಟ್ಟು 127.

ಮೇಲಿಂದ ನೋಡಿದರೆ ಹಿರಿಯೂರು ಕೆಟ್ಟದ್ದು. ಆದರೆ ಕಿರಿಯರಲ್ಲೂ ಹಿರಿಯರಲ್ಲೂ ಅಲ್ಲಿಯ ದರವೇ ಕಮ್ಮಿ! ಈಗ ಇಬ್ಬರಿಗೂ ಒಂದೇ ಬಗೆಯ ಜನಸಂಖ್ಯೆ ಕೊಡೋಣ. 60ರ ಕೆಳಗೆ 85,000, ಮೇಲೆ 15,000. ಕಿರಿಯೂರಿಗೆ 17 ಕೂಡಿಸು 90, ಒಟ್ಟು 107. ಹಿರಿಯೂರಿಗೆ 8.5 ಕೂಡಿಸು 60, ಒಟ್ಟು 68.5. ಪಟ್ಟಿ ತಲೆಕೆಳಗಾಯಿತು. ವಯಸ್ಸು ಹೊಂದಿಸಿದ ದರ ಅಂದರೆ ಇಷ್ಟೇ. ನಿಜವಾದ ಲೆಕ್ಕದಲ್ಲಿ ವಯಸ್ಸನ್ನು ಎರಡು ಭಾಗದ ಬದಲು ಐದೈದು ವರ್ಷಗಳಾಗಿ ಕತ್ತರಿಸುತ್ತಾರೆ.

ಇಲ್ಲಿ ಇನ್ನೊಂದು ಸಣ್ಣ ಮೋಸ ಇದೆ. ಕೊಟ್ಟ ಜನಸಂಖ್ಯೆ 75,000 ಮತ್ತು 25,000 ಆಗಿದ್ದರೆ? ಕಿರಿಯೂರು 165, ಹಿರಿಯೂರು 107.5. ಯಾರು ಮುಂದೆ ಯಾರು ಹಿಂದೆ ಎಂಬುದು ಹಾಗೇ ಇದೆ, ಆದರೆ ಸಂಖ್ಯೆಗಳು ಉಬ್ಬಿದವು. ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ಮಾದರಿ ಜನಸಂಖ್ಯೆ ಇದೆ. ಯುರೋಪಿಗೆ 1976ರದ್ದೊಂದು, 2013ರದ್ದೊಂದು. 2013ರದ್ದರಲ್ಲಿ ಮುದುಕರ ಪಾಲು ಜಾಸ್ತಿ, ಹಾಗಾಗಿ ಸ್ಟ್ರೋಕ್ ದರ ದೊಡ್ಡದಾಗಿ ಕಾಣುತ್ತದೆ. ಯುರೋಪಿನ ಮಾದರಿಯ ಒಂದು ಸಂಖ್ಯೆಯನ್ನು ವಿಶ್ವ ಮಾದರಿಯ ಇನ್ನೊಂದರ ಪಕ್ಕ ಇಡುವುದು ಸೇರಿಗೂ ಕಿಲೋಗೂ ಹೋಲಿಸಿದ ಹಾಗೆ.

ಹೆಜ್ಜೆ 5: ಗಡಿ ದಾಟಿದವರು ಯಾರ ಲೆಕ್ಕ?

ಅಳಿಯನ "ಗಲ್ಫೇ ಒಳ್ಳೆಯದು" ಮಾತಿಗೆ ಉತ್ತರ ಇಲ್ಲಿದೆ. ಯುಎಇಯಲ್ಲಿ ಇರುವವರಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ದುಡಿಯಲು ಹೋದವರು. ಉಪ್ಪಳ, ಕುಂಬಳೆ, ಕಾಸರಗೋಡಿನ ಎಷ್ಟು ಮನೆಗಳ ಹುಡುಗರು ಅಲ್ಲಿದ್ದಾರೆ! ಮೆಡಿಕಲ್ ಪಾಸಾಗದೆ ವೀಸಾ ಇಲ್ಲ. ಅಂದರೆ ಹೋಗುವವರು ಗಟ್ಟಿ ಆಳುಗಳು. ಕಾಯಿಲೆ ಬಿದ್ದರೆ, ಪ್ರಾಯವಾದರೆ ಊರಿಗೇ ಬರುತ್ತಾರೆ. ಸಾಯುವುದು ಇಲ್ಲಿ. ದುಡಿದ ವರ್ಷಗಳು ಅಲ್ಲಿಯ ಜನಸಂಖ್ಯೆಯಲ್ಲಿ, ಸಾವು ಇಲ್ಲಿಯ ಪಟ್ಟಿಯಲ್ಲಿ. ವಯಸ್ಸು ಹೊಂದಿಸಿದರೆ ಯುವಕರು ಜಾಸ್ತಿ ಇರುವ ತೊಂದರೆ ಸರಿಯಾಗುತ್ತದೆ. ಗಟ್ಟಿಯವರು ಹೋಗಿ ಸೋತವರು ಮರಳುವ ತೊಂದರೆ ಅದರಿಂದ ಸರಿಯಾಗುವುದಿಲ್ಲ.

ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲೂ ಇದೇ ನಡೆಯುತ್ತದೆ, ಸಣ್ಣ ಪ್ರಮಾಣದಲ್ಲಿ. ಮಂಜೇಶ್ವರದವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಗಡಿ ರಸ್ತೆಗಳನ್ನು ಮುಚ್ಚಿದಾಗ ಆಸ್ಪತ್ರೆಗೆ ಹೋಗಲಾಗದೆ ಇಲ್ಲೇ ತೀರಿಕೊಂಡವರ ಸುದ್ದಿ ಆಗ ದಿನಾ ಬರುತ್ತಿತ್ತು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಗಡಿ ತೆರೆದಿದ್ದರೆ ಅವರಲ್ಲಿ ಕೆಲವರು ಬದುಕುತ್ತಿದ್ದರು. ಇನ್ನು ಕೆಲವರ ಸಾವು ಮಂಗಳೂರಿನಲ್ಲಿ ದಾಖಲಾಗುತ್ತಿತ್ತು. ನೋಂದಣಿ ಫಾರಂನಲ್ಲಿ ವಾಸದ ಊರನ್ನೂ ಕೇಳುತ್ತಾರೆ, ಅದು ನಿಜ. ಆದರೆ ನಿಮ್ಮ ಮುಂದಿರುವ ಪಟ್ಟಿ ಸತ್ತ ಊರಿನ ಪ್ರಕಾರವೋ ವಾಸದ ಊರಿನ ಪ್ರಕಾರವೋ ಅಂತ ನೋಡಲೇಬೇಕು. ಜಿಲ್ಲೆ ಜಿಲ್ಲೆ ಹೋಲಿಸುವಾಗ ಇದು ದೇಶ ದೇಶಕ್ಕಿಂತ ಜಾಸ್ತಿ ಕಾಡುತ್ತದೆ.

ಹೆಜ್ಜೆ 6: ಸಂಖ್ಯೆ ಎಷ್ಟು ಅಲ್ಲಾಡುತ್ತದೆ?

ನೌರು ದೇಶದ ಜನ ಸುಮಾರು 12,000. ನಮ್ಮ ಒಂದು ಪಂಚಾಯತಿನಲ್ಲಿ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಅಲ್ಲಿ ಒಂದು ವರ್ಷ ಎರಡು ಸಾವು ಹೆಚ್ಚಾದರೆ ದರ ಜಿಗಿಯುತ್ತದೆ.

ಸುಲಭದ ಉಪಾಯ ಹೇಳುತ್ತೇನೆ. ಸಾವಿನ ಸಂಖ್ಯೆಯ ವರ್ಗಮೂಲ ತೆಗೆಯಿರಿ, ಎರಡರಿಂದ ಗುಣಿಸಿ, ಅಷ್ಟು ಮೇಲೆ ಕೆಳಗೆ ಇಡಿ. 25 ಸಾವಿದ್ದರೆ ವರ್ಗಮೂಲ 5, ಎರಡು ಪಟ್ಟು 10. ಅಂದರೆ 15ರಿಂದ 35ರವರೆಗೆ ಎಲ್ಲಿ ಬೇಕಾದರೂ ಇರಬಹುದು. 400 ಸಾವಿದ್ದರೆ 360ರಿಂದ 440. ಎರಡು ಊರಿನ ವ್ಯಾಪ್ತಿಗಳು ತುಂಬಾ ಒಂದರ ಮೇಲೊಂದು ಬಿದ್ದರೆ ಯಾರು ಮುಂದೆ ಅಂತ ಜಗಳ ಮಾಡಬೇಡಿ. ಸಣ್ಣ ದೇಶಗಳಿಗೆ ಐದು ವರ್ಷ ಒಟ್ಟು ಮಾಡಿ ನೋಡುವುದು ಒಳ್ಳೆಯದು.

ದೊಡ್ಡ ದೇಶಗಳಿಗೆ ಈ ಅಲ್ಲಾಟ ಲೆಕ್ಕಕ್ಕೇ ಬರುವುದಿಲ್ಲ, ಅಲ್ಲಿ ತಪ್ಪು ಬರುವುದು ಹೆಜ್ಜೆ 1ರಿಂದ 3ರವರೆಗಿನ ಕಾರಣಗಳಿಂದ. ಅಂದಾಜು ಮಾಡುವವರು ಅದಕ್ಕೂ ಒಂದು ವ್ಯಾಪ್ತಿ ಕೊಡುತ್ತಾರೆ. ಜಿಬಿಡಿಯ 65.5 ಲಕ್ಷದ ಹಿಂದೆ 60 ಲಕ್ಷದಿಂದ 70.2 ಲಕ್ಷ ಎಂಬ ವ್ಯಾಪ್ತಿ ಇತ್ತು. ವಾಟ್ಸಾಪ್ ಪಟ್ಟಿ ಮಾಡುವವರು ಮೊದಲು ಅಳಿಸುವುದೇ ಇದನ್ನು.

ಹೆಜ್ಜೆ 7: ಸಾವು ಕಮ್ಮಿ ಅಂದರೆ ರೋಗ ಕಮ್ಮಿಯಾ?

ಎಷ್ಟು ಜನರಿಗೆ ಸ್ಟ್ರೋಕ್ ಬರುತ್ತದೆ, ಬಂದವರಲ್ಲಿ ಎಷ್ಟು ಜನ ಸಾಯುತ್ತಾರೆ. ಎರಡನ್ನೂ ಗುಣಿಸಿದರೆ ಸಾವಿನ ದರ. ದರ ಇಳಿಯಲು ಬಿಪಿ ಹತೋಟಿಗೆ ಬಂದದ್ದು ಕಾರಣವಾಗಿರಬಹುದು, ಚಿಕಿತ್ಸೆ ಬೇಗ ಸಿಕ್ಕಿದ್ದೂ ಆಗಿರಬಹುದು. ನಾಳ ಕಟ್ಟಿದ ಸ್ಟ್ರೋಕಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪೆರ್ಲದಿಂದ ಹೊರಟು, ಕಾರು ಸಿಕ್ಕಿ, ಸ್ಕ್ಯಾನ್ ಆಗಿ ಅಷ್ಟರೊಳಗೆ ಮುಟ್ಟುವುದು ಎಷ್ಟು ಕಷ್ಟ ಅಂತ ನಮ್ಮ ಮನೆಯವರಿಗೆ ಗೊತ್ತು. ಸಾವಿನ ಪಟ್ಟಿ ಮಾತ್ರ ನೋಡಿ "ಅಲ್ಲಿಯವರ ಊಟ ಒಳ್ಳೆಯದು" ಅಂತ ಹೇಳಲು ಆಗುವುದಿಲ್ಲ.

ಇನ್ನು ಅಳಿಯನ ಪಟ್ಟಿಗೆ ಬರೋಣ. ನೌರುವನ್ನು ಗೀಟು ಹಾಕಿ ತೆಗೆದೆವು. ಯುಎಇಯನ್ನೂ ತೆಗೆದೆವು, ಅವನಿಗೆ ಸ್ವಲ್ಪ ಬೇಸರವಾಯಿತು. ಭಾರತವನ್ನು ಜಪಾನಿನ ಜೊತೆ ಅಂಕಿ ಅಂಕಿಗೆ ಹೋಲಿಸುವುದು ಬೇಡ, ಮೇಲೆ ಕೆಳಗೆ ಅನ್ನುವಷ್ಟು ಮಾತ್ರ ಸಾಕು ಅಂದೆ. ಬಲ್ಗೇರಿಯಾದ ದರ ಫ್ರಾನ್ಸಿಗಿಂತ ಎಷ್ಟೋ ಪಟ್ಟು ದೊಡ್ಡದು. ಎರಡೂ ಮರಣ ಪತ್ರ ಎಣಿಸುವ ದೇಶಗಳು. ಬರೆಯುವ ರೀತಿಯ ವ್ಯತ್ಯಾಸ ಎಷ್ಟೇ ಕಳೆದರೂ ಅಷ್ಟು ದೊಡ್ಡ ಅಂತರ ಪೂರ್ತಿ ಕರಗುವುದಿಲ್ಲ ಅಂತ ಕಾಣುತ್ತದೆ, ಹಾಗಾಗಿ ಅದನ್ನು ಇಟ್ಟುಕೊಂಡೆವು. ಜಪಾನನ್ನು ಜಪಾನಿನ ಜೊತೆಯೇ ಹೋಲಿಸಿ, 1995ರ ನಂತರದ ವರ್ಷಗಳನ್ನು ಮಾತ್ರ ಹಿಡಿದು. ನನಗೆ ಜಾಸ್ತಿ ನಂಬಿಕೆ ಇರುವುದು ಇಂಥ ಹೋಲಿಕೆಯಲ್ಲಿ, ಒಂದು ದೇಶ ತನ್ನದೇ ಹಿಂದಿನ ವರ್ಷಗಳ ಪಕ್ಕ.

ಕೊನೆಗೆ ಒಂದು ಮನೆಕೆಲಸ. 2023ರ ಅಕ್ಟೋಬರ್ 1ರಿಂದ ಜನನ ಮರಣ ನೋಂದಣಿ ಕಾನೂನಿನ ತಿದ್ದುಪಡಿ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ಸಾವಾದರೆ ಕಾರಣದ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೂ ಉಚಿತವಾಗಿ ಕೊಡಬೇಕು. ಕೇಳಿ ತೆಗೆದುಕೊಳ್ಳಿ, ಓದಿ. ಬರೀ ಮೇಲಿನ ಸಾಲು ತುಂಬಿದ್ದರೆ ಕೆಳಗಿನ ಸಾಲು ಯಾಕೆ ಖಾಲಿ ಅಂತ ಡಾಕ್ಟರನ್ನು ಮೆಲ್ಲನೆ ಕೇಳಿ. ಆ ಗಳಿಗೆಯಲ್ಲಿ ಕೇಳುವುದು ಸುಲಭವಲ್ಲ, ನಾವೂ ಕೇಳಲಿಲ್ಲ. ದೊಡ್ಡಪ್ಪನ ಕಾಗದದ ಝೆರಾಕ್ಸ್ ಈಗಲೂ ನನ್ನ ಹತ್ತಿರ ಇದೆ. ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ನ್ಯುಮೋನಿಯಾ, ಮೂರು ದಿನ. ಸ್ಟ್ರೋಕ್, ಹನ್ನೊಂದು ದಿನ. ಬಿಪಿ, ಇಪ್ಪತ್ತು ವರ್ಷ.